ನಾನು ಕರೆಯುವ ತನಕ

ಹಿಂದಿನಿಂದ ಯಾರದೋ ತೋಳು ಬಂದು ಸೊಂಟ ಬಳಸಿತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಶಶಿಕಲಾಳ ಎರಡೂ ಕಾಲು ನೆಲ ಬಿಟ್ಟಿದ್ದವು.

1999ರ ಫೆಬ್ರವರಿ. ಕಾರ್ಕಳದ ಬಸ್ ನಿಲ್ದಾಣ. ಉಡುಪಿ ಬಸ್ಸಿನ ಕಂಡಕ್ಟರ್ ಆಗಲೇ ಸೀಟಿ ಬಾಯಿಗಿಟ್ಟಿದ್ದ. ಶಶಿಕಲಾ ಊರುಗೋಲನ್ನು ಬಸ್ಸಿನೊಳಗೆ ಊರಿ, ಕಂಬಿ ಹಿಡಿದು, ಕ್ಯಾಲಿಪರಿನ ಕಬ್ಬಿಣದ ಪಟ್ಟಿ ಕಟ್ಟಿದ ಎಡಗಾಲನ್ನು ಮೇಲಕ್ಕೆ ಎಳೆದುಕೊಳ್ಳುವ ತಯಾರಿಯಲ್ಲಿದ್ದಳು. ದಿನಾ ಮಾಡುವ ಕೆಲಸ. ಅರ್ಧ ನಿಮಿಷ ಸಾಕಿತ್ತು.

ಆ ಅರ್ಧ ನಿಮಿಷ ಕೊಡುವ ಪುಣ್ಯಾತ್ಮರು ಸಿಗಬೇಕಲ್ಲ! ಅಕ್ಕಿಮೂಟೆ ಏರಿಸಿದ ಹಾಗೆ ಅವಳನ್ನು ಒಳಗೆ ಏರಿಸಿದ್ದಾಯಿತು. ಬಸ್ಸು ಹೊರಟಿತು.

ಶಶಿಕಲಾ ಸೀಟಿಗೆ ಕುಸಿದಳು. ಬೈಯಬೇಕೆಂದು ಬಾಯಿ ತೆರೆದಳು... ದನಿಯೇ ಬರಲಿಲ್ಲ.

ಹೆದರಿಕೆಯಾದರೆ ಅವಳಿಗೆ ಹೀಗೆಯೇ, ದನಿ ಹೋಗಿಬಿಡುತ್ತದೆ. ಬಾದಾಮಿ ಕಡೆಯಿಂದ ದುಡಿಯಲು ಬಂದ ಅಪ್ಪ ಚಂದಪ್ಪ, ಅವ್ವ ರಾಚವ್ವ ಮಣಿಪಾಲದ ಕಟ್ಟಡಗಳಿಗೆ ಕಲ್ಲುಮಣ್ಣು ಹೊರುತ್ತಿದ್ದ ಕಾಲ. ಎಂಟು ವರ್ಷದ ಹುಡುಗಿ, ಪೋಲಿಯೋ ಆದ ಕಾಲು, ಮೆಟ್ಟಿಲ ಬುಡದಲ್ಲಿ ಕುಳಿತಿದ್ದಳು. ಪಾಪ ಎಂದುಕೊಂಡು ಯಾರೋ ಒಬ್ಬ ಹಿಂದಿನಿಂದ ಬಂದು ಎತ್ತಿಕೊಂಡ. ನಾಲ್ಕನೇ ಮೆಟ್ಟಿಲಲ್ಲಿ ಜಾರಿದ. ಅವನಿಗೆ ಏನೂ ಆಗಲಿಲ್ಲ. ಅವಳ ಬಲಗೈ ಮುರಿಯಿತು, ಮೂರು ದಿನ ಮಾತೇ ಹೊರಡಲಿಲ್ಲ.

ಈ ಸಂಗತಿ ಅವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ದಿಟ್ಟ ಹುಡುಗಿ ಎಂದು ಹೆಸರು ತೆಗೆದುಕೊಂಡವಳು ಇದನ್ನೆಲ್ಲ ಹೇಳಿಕೊಂಡು ತಿರುಗುತ್ತಾಳೆಯೇ?

ಬೈಲೂರು ದಾಟುವಾಗ ದನಿ ಮರಳಿತು. ತನ್ನನ್ನು ಎತ್ತಿದವನು ಪಕ್ಕದಲ್ಲೇ ನಿಂತಿದ್ದ.

“ಯಾರನ್ನು ಕೇಳಿ ಎತ್ತಿದಿರಿ ನನ್ನನ್ನು?”

ಅವನು ಗಾಬರಿಯಾದ. “ಬಸ್ಸು ಹೊರಡ್ತದೆ ಅಂತ... ಉಪಕಾರ ಆಗಲಿ ಅಂತ ಮಾಡಿದ್ದು.”

“ಉಪಕಾರ ಬೇಡ. ನಾನು ಕರೆಯುವ ತನಕ ನನ್ನ ಮೈಗೆ ಕೈ ಹಾಕಬೇಡಿ. ನಾನು ಬೀಳ್ತಾ ಇದ್ದರೂ ಸರಿ, ಕರೆಯುವ ತನಕ ಬರಬೇಡಿ.”

ಹೇಳಿ ಮುಗಿಸಿದ ಮೇಲೆ ಅವಳ ಕಣ್ಣು ಅವನ ಬಲಗೈ ಕಡೆ ಹೋಯಿತು. ಕೈ ಇರಲಿಲ್ಲ. ಮೊಣಕೈ ಕೆಳಗೆ ಶರಟಿನ ತೋಳನ್ನು ಮಡಚಿ ಪಿನ್ನು ಚುಚ್ಚಿತ್ತು. ಅಂದರೆ ಇಷ್ಟು ದೊಡ್ಡ ಹೆಣ್ಣನ್ನು ಈ ಮನುಷ್ಯ ಒಂದೇ ಕೈಯಲ್ಲಿ ಎತ್ತಿದ್ದನೇ?

“ತಪ್ಪಾಯಿತು,” ಅಂದ ಅವನು. ದೈವದ ಎದುರು ನಿಂತು ಹೇಳಿದಷ್ಟು ಗಂಭೀರವಾಗಿ ಮುಂದುವರಿಸಿದ. “ಮಾತು ಕೊಟ್ಟೆ. ಇನ್ನು ನೀವು ಕರೆಯುವ ತನಕ ಬರುವುದಿಲ್ಲ.”

ಆ ಮಾತೇ ಮುಂದೆ ಇಬ್ಬರ ಜೀವ ಹಿಂಡುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಉಡುಪಿಯಲ್ಲಿ ಇಳಿದಳು, ಅವನೂ ಇಳಿದ. ಎಡಕ್ಕೆ ತಿರುಗಿದಳು, ಅವನೂ ಎಡಕ್ಕೇ ತಿರುಗಿದ. ಹಿಂಬಾಲಿಸುತ್ತಿದ್ದಾನೆ ಎಂದು ಅವಳ ಎದೆ ಮತ್ತೆ ಡವಡವ ಎಂದಿತು. ಕೊನೆಗೆ ನೋಡಿದರೆ ಇಬ್ಬರೂ ಹೋಗಿ ತಲುಪಿದ್ದು ಒಂದೇ ಅಂಗಳ, ಸಿಲ್ವೆಸ್ಟರ್ ಮಾಸ್ಟ್ರ ಮಂಗಳವಾರದ ಸಭೆ.

ಮಾಸ್ಟ್ರ ಬಗ್ಗೆ ಎರಡು ಮಾತು ಹೇಳಲೇಬೇಕು. ಕಾಪುವಿನವರು, ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು. ತೆಂಗಿನ ಮರದಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲೇ ಅವರ ಕಾಲು. ಕಾಪುವಿನ ಕಣ್ಣಿಲ್ಲದ ವ್ಯಾಪಾರಿ ಕುಂಞಿ ಮೊಹಮ್ಮದ್ ಸಾಹೇಬ್ರ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರಿಬ್ಬರೂ ಕೂಡಿ ಅಂಗವಿಕಲರ ಹಕ್ಕಿನ ಸಂಘ ಕಟ್ಟಿದ್ದು. ಸಾಹೇಬ್ರು ಬೇಗ ತೀರಿಹೋದರು. ಮಾಸ್ಟ್ರು ಒಬ್ಬರೇ ಆ ಸೈಕಲ್ಲಿನಲ್ಲೇ ಊರೂರು ತಿರುಗಿದರು.

ಮಾಸ್ಟ್ರು ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿದವರಲ್ಲ. ಎತ್ತಿಕೊಂಡು ಹೋಗುತ್ತೇವೆ ಎಂದು ಜವಾನರು ಬಂದರೆ ನಗುತ್ತಾ ಕೈಯೆತ್ತಿ ತಡೆಯುತ್ತಿದ್ದರು. ಮೆಟ್ಟಿಲ ಬುಡದಲ್ಲಿ ಸೈಕಲ್ ನಿಲ್ಲಿಸಿ, ಅಂಗವಿಕಲರ ಹಕ್ಕಿನ ತೊಂಬತ್ತೈದರ ಕಾನೂನಿನ ಪ್ರತಿ ತೊಡೆಯ ಮೇಲಿಟ್ಟುಕೊಂಡು, ಅಧಿಕಾರಿ ಕೆಳಗೆ ಬರುವ ತನಕ ಕಾಯುತ್ತಿದ್ದರು. ಅರ್ಧ ದಿನ, ಒಂದು ದಿನ, ಒಮ್ಮೆ ಮೂರು ದಿನ. ಅಧಿಕಾರಿ ಬಂದೇ ಬರುತ್ತಿದ್ದ.

ಸಂಘಕ್ಕೆ ಸೇರುವವರಿಗೆಲ್ಲ ಅವರದು ಒಂದೇ ಪಾಠ. ಕೇಳದೆ ಯಾರನ್ನೂ ಎತ್ತಬಾರದು, ಕರೆಯದೆ ಯಾರನ್ನೂ ಮುಟ್ಟಬಾರದು. ಅಂದು ಹೊಸಬನಾಗಿ ಬಂದ ಭೋಜ, ಕಾರ್ಕಳದ ಕಲ್ಲುಕೋರೆಯಲ್ಲಿ ಸಿಡಿಮದ್ದಿಗೆ ಕೈ ಕಳೆದುಕೊಂಡವನು, ಆ ಪಾಠ ಕೇಳಿ ಶಶಿಕಲಾಳ ಕಡೆ ತಿರುಗಿ ನೋಡಿ ತಲೆ ತಗ್ಗಿಸಿದ.

ಅವಳಿಗೆ ಯಾಕೋ ನಗು ಬಂತು.

ಮಾಸ್ಟ್ರ ಓಡಾಟದಿಂದ ಶಶಿಕಲಾಳಿಗೆ ಪರ್ಕಳದಲ್ಲಿ ಎಸ್‌ಟಿಡಿ ಬೂತ್ ಸಿಕ್ಕಿತ್ತು. ವರ್ಷ ಕಳೆಯುವುದರೊಳಗೆ ಭೋಜನಿಗೂ ಕಾರ್ಕಳದಲ್ಲಿ ಒಂದು ಬೂತ್ ಆಯಿತು. ಕೇಳಬೇಕೇ ಇನ್ನು! ಮಧ್ಯಾಹ್ನ ಒಂದೂವರೆಗೆ ಗಿರಾಕಿ ಕಡಿಮೆ. ಆ ಹೊತ್ತಿಗೆ ಪರ್ಕಳದ ಫೋನು ರಿಂಗಾಗುತ್ತಿತ್ತು. ಅವನ ಕ್ರಮ ಎರಡೇ ರಿಂಗು. ಅಷ್ಟರಲ್ಲಿ ಎತ್ತಿದರೆ ಮಾತು, ಇಲ್ಲದಿದ್ದರೆ ಇಟ್ಟುಬಿಡುವುದು. ಮಂಗಳವಾರ ಸಭೆಗೆ ಹೋಗುವಾಗ ಅವಳ ಪಕ್ಕ ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದ. “ಚೀಲ ಹಿಡಿಯಲಾ?” ಎಂದು ಕೇಳುತ್ತಿದ್ದ. ಬೇಡ ಅನ್ನುತ್ತಿದ್ದಳು. ಮುಂದಿನ ವಾರ ಮತ್ತೆ ಕೇಳುತ್ತಿದ್ದ, ಹೊಸದಾಗಿ ಕೇಳಿದ ಹಾಗೆ.

ಆರು ತಿಂಗಳಾದ ಮೇಲೆ ಒಂದು ದಿನ ಅವಳು ಹೂಂ ಅಂದಳು. ಚೀಲ ಅವನ ಕೈಗೆ ಹೋಯಿತು. ಬೆರಳಿಗೆ ಬೆರಳು ತಾಗಿತು, ಮತ್ತು ಮೊದಲ ಬಾರಿಗೆ ಒಂದು ಕೈ ಹತ್ತಿರ ಬಂದಾಗ ಅವಳಿಗೆ ಹೆದರಿಕೆಯಾಗಲಿಲ್ಲ. ಅಯ್ಯೋ, ಇದೇನಾಗುತ್ತಿದೆ ನನಗೆ... ಎಂದುಕೊಂಡಳು. ಏನಾಗುತ್ತಿದೆ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

2001ರ ನವೆಂಬರಿನ ಒಂದು ಸೋಮವಾರ ಫೋನಿನಲ್ಲಿ ಅವನ ದನಿ ಬೇರೆಯಾಗಿತ್ತು.

“ನಾಳೆ ಸರ್ಟಿಫಿಕೇಟಿನ ಕೆಲಸ ಮುಗಿದ ಮೇಲೆ ನಿಮ್ಮ ಹತ್ರ ಒಂದು ಕೇಳ್ಲಿಕ್ಕೆ ಉಂಟು.”

“ಎಂತ?”

“ಫೋನಲ್ಲಿ ಕೇಳುವಂಥದ್ದಲ್ಲ.”

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಆದರೆ ಆ ಮಾತನ್ನು ಕೇಳುವ ನಾಳೆ ಬರಲೇ ಇಲ್ಲ.

ಉಡುಪಿಯ ಒಂದು ಸರ್ಕಾರಿ ಕಚೇರಿ, ಯಾವುದು ಎಂದು ಕೇಳಬೇಡಿ. ಅಂಗವಿಕಲರಿಗೆ ಸರ್ಟಿಫಿಕೇಟು ಕೊಡುವ ಶಿಬಿರವನ್ನು ಆ ಬುದ್ಧಿವಂತರು ಇಟ್ಟದ್ದು ಮಹಡಿಯ ಮೇಲೆ! ಇಪ್ಪತ್ತೆರಡು ಮೆಟ್ಟಿಲು. ಮಾಸ್ಟ್ರು ಎಂದಿನಂತೆ ಕೆಳಗೆ ಸೈಕಲ್ ನಿಲ್ಲಿಸಿದರು, ಅವರ ಸುತ್ತ ನಲವತ್ತು ಜನ ಕುಳಿತರು. ಡಾಕ್ಟರು ಕೆಳಗೆ ಬರಲಿ ಎಂದರು. ಹನ್ನೆರಡು ಗಂಟೆಯಾಯಿತು. ಮೇಲಿನವರಿಗೆ ಊಟದ ಹೊತ್ತು ಮೀರುತ್ತಿತ್ತು.

ಹೀಗೇ ಬಿಟ್ಟರೆ ಸಂಜೆಯಾಗುತ್ತದೆ, ಎತ್ತಿಕೊಂಡು ಬನ್ನಿ ಎಂದು ಮೇಲಿನಿಂದ ಯಾರೋ ಹೇಳಿದರು.

ಏಳೆಂಟು ಗಂಡಸರು ದಡದಡ ಇಳಿದು ಬಂದರು. ಶಶಿಕಲಾ ಮೆಟ್ಟಿಲಿಗೆ ಬೆನ್ನು ಹಾಕಿ ನಿಂತಿದ್ದಳು. ಕಂಕುಳಿಗೆ ಎರಡು ಕೈ, ಮೊಣಕಾಲಿಗೆ ಎರಡು ಕೈ... ಊರುಗೋಲು ಬಿದ್ದ ಸದ್ದು ಕೇಳಿತು. ನೆಲ ದೂರವಾಯಿತು. ಆಕಾಶ ವಾಲಿತು.

ಬೇಡ, ಬೇಡ, ಇಳಿಸಿ... ಎಂದು ಅವಳ ಒಳಗೆಲ್ಲ ಕೂಗು. ಬಾಯಿಂದ ಗಾಳಿ ಮಾತ್ರ ಬಂತು.

ಒಂದು, ಎರಡು, ಮೂರು ಮೆಟ್ಟಿಲು. ಹೊತ್ತವರ ಹೆಗಲಾಚೆ ಭೋಜ ಕಂಡ. ಹತ್ತೇ ಅಡಿ ದೂರ. ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತಿದ್ದ. ಅವಳನ್ನೇ ನೋಡುತ್ತಿದ್ದ. ಬರುತ್ತಾನೆ, ಈಗ ಬರುತ್ತಾನೆ... ಅವಳು ಕಣ್ಣಿನಲ್ಲೇ ಕರೆದಳು. ಅವನು ಕದಲಲಿಲ್ಲ.

ಏಳನೇ ಮೆಟ್ಟಿಲಲ್ಲಿ ಯಾರದೋ ಚಪ್ಪಲಿ ಜಾರಿತು.

ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಉಡುಪಿಯ ಸಣ್ಣ ನರ್ಸಿಂಗ್ ಹೋಮಿನ ಮೊದಲ ಮಹಡಿಯಲ್ಲಿ ಒಂದೂವರೆ ತಿಂಗಳು ಮಲಗಿದಳು. ನೋವು ತಡೆಯಬಹುದಿತ್ತು. ಕಣ್ಣು ಮುಚ್ಚಿದರೆ ಕಾಣುತ್ತಿದ್ದ ಆ ನಿಂತ ಮನುಷ್ಯನನ್ನು ತಡೆಯಲಾಗುತ್ತಿರಲಿಲ್ಲ. ಬೇರೆ ಯಾರೂ ಬರದಿದ್ದರೂ ಅವಳಿಗೆ ಬೇಸರವಿರಲಿಲ್ಲ, ಅವನು ಬರಲಿಲ್ಲವಲ್ಲ! ನಾಳೆ ಏನೋ ಕೇಳುತ್ತೇನೆ ಅಂದವನು ನೋಡುತ್ತಾ ನಿಂತನಲ್ಲ!

ಭೋಜ ದಿನಾ ಬರುತ್ತಿದ್ದ. ಒಳಗೆ ಬಿಡಬೇಡ ಎಂದು ಅವ್ವನಿಗೆ ಹೇಳಿದಳು. ಮಂಗಳವಾರ ಮಾಸ್ಟ್ರೂ ಬರುತ್ತಿದ್ದರು. ನರ್ಸಿಂಗ್ ಹೋಮಿಗೆ ಲಿಫ್ಟ್ ಇರಲಿಲ್ಲ, ಮಾಸ್ಟ್ರು ತಮ್ಮ ಪಟ್ಟು ಬಿಡುವವರಲ್ಲ. ಕಿಟಕಿಯ ಕೆಳಗೆ ಸೈಕಲ್ ನಿಲ್ಲಿಸಿ, ಹೆಂಡತಿ ವೆರೊನಿಕಾ ಬಾಯಿಯವರನ್ನು ಮೇಲೆ ಕಳಿಸಿ ಯೋಗಕ್ಷೇಮ ಕೇಳುತ್ತಿದ್ದರು. ಕಿಟಕಿಯಿಂದ ನೋಡಿದರೆ ಸೈಕಲ್ಲಿನ ಪಕ್ಕದಲ್ಲಿ ಪಿನ್ನು ಚುಚ್ಚಿದ ತೋಳು ಕಾಣುತ್ತಿತ್ತು. ಅವಳು ಕಿಟಕಿ ಮುಚ್ಚಿಸಿಬಿಟ್ಟಳು.

ಜನವರಿಯಲ್ಲಿ ಮಾಸ್ಟ್ರು ತೀರಿಕೊಂಡರು. ಕಿಟಕಿ ಮುಚ್ಚಿದ್ದು ಮಾಸ್ಟ್ರಿಗೂ ಆಯಿತಲ್ಲ ಎಂಬ ಸಂಕಟ ಅವಳ ಎದೆಯಲ್ಲಿ ಹಾಗೇ ಉಳಿಯಿತು. ಮಣ್ಣಿಗೂ ಹೋಗಲಾಗಲಿಲ್ಲ.

ಆಮೇಲಿನ ಒಂದು ವರ್ಷ ಅವಳು ಬದುಕಿದ್ದು ಬೂತಿನ ಗಾಜಿನೊಳಗೆ. ಹಿಂದಿನಿಂದ ಯಾರೂ ಬರಬಾರದೆಂದು ಕುರ್ಚಿಯನ್ನು ಗೋಡೆಗೆ ಒತ್ತಿಸಿಕೊಂಡಿದ್ದಳು. ಬಸ್ಸು ಹತ್ತಲಿಲ್ಲ, ಸಭೆಗೆ ಹೋಗಲಿಲ್ಲ. ಗಿರಾಕಿಯ ನೆರಳು ಪಕ್ಕಕ್ಕೆ ಬಿದ್ದರೂ ಬೆಚ್ಚುತ್ತಿದ್ದಳು. ಮಧ್ಯಾಹ್ನ ಒಂದೂವರೆಗೆ ಫೋನು ಎರಡು ರಿಂಗಾಗಿ ನಿಲ್ಲುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಒಂದು ದಿನವೂ ಅವಳು ಎತ್ತಲಿಲ್ಲ. ಎತ್ತಲಿಲ್ಲ ನಿಜ, ಆದರೆ ಒಂದೂಕಾಲಿಗೇ ಅವಳ ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತಲ್ಲ, ಅದಕ್ಕೆ ಏನು ಹೇಳೋಣ?

ಮಗಳು ಹೀಗೆ ಒಣಗುವುದನ್ನು ನೋಡಲಾರದೆ ಚಂದಪ್ಪ ಊರಿಗೆ ಮರಳುವ ಮಾತೆತ್ತಿದ. ಬೂತ್ ಬಿಟ್ಟುಕೊಡುವುದು, ಬಾದಾಮಿ ಕಡೆಯ ಹಳ್ಳಿಯಲ್ಲಿ ಅಣ್ಣತಮ್ಮಂದಿರ ನಡುವೆ ಇದ್ದುಬಿಡುವುದು. ರಾಚವ್ವ ಟ್ರಂಕಿಗೆ ಬಟ್ಟೆ ತುಂಬಿದಳು.

“ಇಲ್ಲೆ ಯಾರ ಅದಾರ ನಮಗ? ನಡಿ, ನಮ್ಮೂರಾಗ ಮನಿ ಬಾಗಿಲ್ದಾಗ ಕುಂದರುವಂತಿ. ಅಲ್ಲಿ ನಿನ್ನ ಯಾರೂ ಮುಟ್ಟಂಗಿಲ್ಲ.”

ಮನೆ ಬಾಗಿಲಲ್ಲಿ ಕೂರುವುದು. ಇಪ್ಪತ್ತಾರು ವರ್ಷಕ್ಕೇ. ಬೇಡ ಅನ್ನಲು ಶಶಿಕಲಾಳಿಗೆ ಧೈರ್ಯ ಉಳಿದಿರಲಿಲ್ಲ.

ಬುಧವಾರ ಬೆಳಿಗ್ಗೆಯ ಬಸ್ಸು. ಅದರ ಹಿಂದಿನ ದಿನ, 2003ರ ಜನವರಿಯ ಮಂಗಳವಾರ, ಮಾಸ್ಟ್ರ ವರ್ಷದ ಸ್ಮರಣೆ. ವೆರೊನಿಕಾ ಬಾಯಿ ಪರ್ಕಳಕ್ಕೇ ಬಂದರು. ಅದೇ ಕಚೇರಿಯ ಅಂಗಳ, ಅದೇ ಮೆಟ್ಟಿಲ ಬುಡ, ನೀನೇ ಮಾತಾಡಬೇಕು ಎಂದರು. ಶಶಿಕಲಾ ತಲೆ ಅಲ್ಲಾಡಿಸಿದಳು. ಆಗುವುದಿಲ್ಲ ಬಾಯಿ, ಆ ಮೆಟ್ಟಿಲು ನೋಡಿದರೆ ನಾನು ಸತ್ತೇಹೋಗುತ್ತೇನೆ ಅಂದಳು.

“ನೀನು ಕಿಟಕಿ ಮುಚ್ಚಿದ ದಿನವೂ ಅವರು ಕತ್ತಲಾಗುವ ತನಕ ಕೆಳಗೆ ಕೂತಿದ್ದರು ಮಗಾ,” ಅಂದರು ವೆರೊನಿಕಾ ಬಾಯಿ. “ಅವಳು ತೆರೆಯುವ ತನಕ ಕಾಯುವ ಅಂತ ಹೇಳಿದರು.”

ಇಷ್ಟು ಕೇಳಿದ ಮೇಲೆ ಹೋಗದೆ ಇರಲು ಅವಳು ಕಲ್ಲಲ್ಲ.

ಆಟೋದಿಂದ ಇಳಿದಳು. ಮೆಟ್ಟಿಲಿನ ಕಡೆ ನೋಡಲಿಲ್ಲ. ಆದರೆ ಇನ್ನೊಂದು ಕಂಡಿತು. ಅಂಗಳದಲ್ಲಿ ಎತ್ತರದ ವೇದಿಕೆ! ಬರಲಿರುವ ಯಾರೋ ಅತಿಥಿಯ ಕಡೆಯವರು ಬೆಳಿಗ್ಗೆ ತಂದು ನಿಲ್ಲಿಸಿದ್ದಂತೆ. ನಾಲ್ಕು ಮರದ ಮೆಟ್ಟಿಲು, ಮೇಲೆ ಹೂವಿನ ಹಾರ ಹಾಕಿದ ಎರಡು ಫೋಟೋ, ಸಾಹೇಬ್ರದು ಮತ್ತು ಮಾಸ್ಟ್ರದು.

“ಜೀವ ಇರುವಾಗ ಒಂದು ಮೆಟ್ಟಿಲು ಹತ್ತಿದವರಲ್ಲ,” ವೆರೊನಿಕಾ ಬಾಯಿ ಗೊಣಗಿದರು. “ಸತ್ತ ಮೇಲೆ ಹತ್ತಿಸಿದರು ನೋಡು.”

ಜನದ ಆಚೆ ಬದಿಯಲ್ಲಿ ಭೋಜ ನಿಂತಿದ್ದ. ಸೊರಗಿದ್ದ. ಅವಳನ್ನು ಕಂಡ, ಕೈಯೆತ್ತಲಿಲ್ಲ, ಹತ್ತಿರ ಬರಲಿಲ್ಲ. ಬರಲಾರ, ಅವನು ಬರುವವನಲ್ಲ... ಎಂದು ಅವಳು ಮುಖ ತಿರುಗಿಸಿದಳು. ಕಣ್ಣು ಉರಿಯಿತು.

ಮೈಕಿನಲ್ಲಿ ಅವಳ ಹೆಸರು ಕೂಗಿದರು. ಈಗ ಕುಮಾರಿ ಶಶಿಕಲಾ ವೇದಿಕೆಗೆ ಬರಬೇಕು.

ಅವಳು ಎದ್ದು ಊರುಗೋಲು ಸರಿಮಾಡಿಕೊಳ್ಳುತ್ತಿದ್ದಳು. ಬ್ಯಾಡ್ಜು ಹಾಕಿದ ಇಬ್ಬರು ಯುವಕರು ಹಿಂದಿನಿಂದ ಓಡಿಬಂದರು. ನಾವು ಇದ್ದೇವೆ ಅಕ್ಕ ಎನ್ನುತ್ತಲೇ ಕಂಕುಳಿಗೆ ಕೈ ಹಾಕಿದರು.

ನೆಲ ದೂರವಾಯಿತು.

ಎಲ್ಲವೂ ಅದೇ. ಅದೇ ಅಂಗಳ, ಅದೇ ಗಾಳಿಯಲ್ಲಿ ತೂಗುವ ಕಾಲು, ಅದೇ ಹೊರಡದ ದನಿ. ಜನ ನೋಡುತ್ತಿದ್ದರು, ಕೆಲವರು ಚಪ್ಪಾಳೆಯನ್ನೂ ತಟ್ಟುತ್ತಿದ್ದರು. ಒಂದು ಮೆಟ್ಟಿಲು ಹತ್ತಿದ್ದಾಯಿತು. ಇವತ್ತು ಮುಗಿಯಿತು ನನ್ನ ಕಥೆ... ಎಂದುಕೊಳ್ಳುತ್ತಾ ಅವಳು ಭೋಜನ ಕಡೆ ನೋಡಿದಳು.

ಅವನು ಒಂದು ಹೆಜ್ಜೆ ಮುಂದಿಟ್ಟು ನಿಂತಿದ್ದ. ಅಂದಿನ ಹಾಗೆಯೇ. ಇದ್ದ ಒಂದು ಕೈ ಮುಷ್ಟಿಯಾಗಿತ್ತು. ಮುಖದಲ್ಲಿ ಬೆವರು ಇಳಿಯುತ್ತಿತ್ತು. ಮತ್ತೆ ಅವನ ಕಣ್ಣು... ಅವನು ನೋಡುತ್ತಿದ್ದದ್ದು ಅವಳ ಕಣ್ಣನ್ನಲ್ಲ, ಕೈಯನ್ನಲ್ಲ. ಅವಳ ಬಾಯನ್ನು.

ನಾನು ಬೀಳ್ತಾ ಇದ್ದರೂ ಸರಿ, ಕರೆಯುವ ತನಕ ಬರಬೇಡಿ.

ಅಯ್ಯೋ ದೇವರೇ. ಅವನು ಕಾಯುತ್ತಿದ್ದಾನೆ. ಅಂದೂ ಕಾಯುತ್ತಿದ್ದ. ನನ್ನ ದನಿ ಹೋಗುತ್ತದೆ ಎಂದು ಅವನಿಗೆ ಹೇಳಿದವರು ಯಾರು? ನಾನು ಹೇಳಿದ್ದೆನೇ?

ಎರಡನೇ ಮೆಟ್ಟಿಲು. ಅವಳು ಉಸಿರನ್ನೆಲ್ಲ ಒಟ್ಟು ಮಾಡಿದಳು. ಗಂಟಲು ಬಿರಿದು ಹೋಗುತ್ತದೆ ಅನ್ನಿಸಿತು. ಹೋದರೆ ಹೋಗಲಿ.

“ಭೋಜ.”

ಸಣ್ಣ, ಒಡೆದ ದನಿ. ಮೈಕಿಗೂ ಕೇಳಿಸಲಿಲ್ಲ. ಆದರೆ ಅವನಿಗೆ ಕೇಳಿತು. ಕುರ್ಚಿಗಳನ್ನು ತಳ್ಳಿಕೊಂಡು ಅವನು ಬಂದ ರಭಸಕ್ಕೆ ಜನ ಎರಡು ಪಾಲಾದರು.

“ಇಳಿಸಿ ಅವರನ್ನು,” ಅಂದ. ಕೂಗಲಿಲ್ಲ. “ಮೆಲ್ಲಗೆ. ಅವರು ನಿಮ್ಮನ್ನು ಕರೆಯಲಿಲ್ಲ.”

ಯುವಕರು ಗಲಿಬಿಲಿಯಾಗಿ ಅವಳನ್ನು ನೆಲಕ್ಕೆ ಇಳಿಸಿದರು. ಭೋಜ ಊರುಗೋಲನ್ನು ಹೆಕ್ಕಿ ಚಾಚಿದ. ಅವಳನ್ನು ಮುಟ್ಟಲಿಲ್ಲ. ಅವಳು ಊರುಗೋಲಿನೊಂದಿಗೆ ಅವನ ಕೈಯನ್ನೂ ಸೇರಿಸಿಯೇ ಹಿಡಿದುಕೊಂಡಳು, ಇಡೀ ಅಂಗಳ ನೋಡುತ್ತಿದ್ದಂತೆಯೇ.

ಅವಳು ಕೆಳಗೆ ನಿಂತೇ ಮಾತಾಡಿದಳು. ಮೈಕು ಅವಳ ಬಳಿಗೆ ಬಂತು.

“ಮಾಸ್ಟ್ರು ನಮಗೆ ಕಾಯಲಿಕ್ಕೆ ಕಲಿಸಿದರು,” ಅಂದಳು. “ಸಾಹೇಬ್ರು ಕೂರಲಿಕ್ಕೆ ಜಾಗ ಕೊಟ್ಟರು. ಅವರಿಬ್ಬರನ್ನು ನೆನೆಯುವುದಾದರೆ ಫೋಟೋ ಕೆಳಗೆ ತನ್ನಿ. ಅವರು ನಮ್ಮ ಜೊತೆ ಇಲ್ಲೇ ಇರುವವರು.”

ಮೊದಲು ಎದ್ದದ್ದು ವೆರೊನಿಕಾ ಬಾಯಿ. ಮೆಟ್ಟಿಲು ಹತ್ತಿ ಗಂಡನ ಫೋಟೋವನ್ನು ಎದೆಗವಚಿಕೊಂಡು ಇಳಿದು ಬಂದರು. ವೇದಿಕೆಯ ಮೇಲೆ ಕುಳಿತಿದ್ದ ಅತಿಥಿಯೂ ಎದ್ದು ಸಾಹೇಬ್ರ ಫೋಟೋ ಹಿಡಿದು ಕೆಳಗೆ ಬಂದು ಜನರ ನಡುವೆ ಕುಳಿತ. ವೇದಿಕೆ ಖಾಲಿಯಾಯಿತು.

ಸಭೆ ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಕುಳಿತರು. ಹದಿನಾಲ್ಕು ತಿಂಗಳ ಮಾತು ಒಟ್ಟಿಗೆ ಬಂದರೆ ಯಾವುದನ್ನು ಮೊದಲು ಆಡುವುದು? ಅವಳೇ ಶುರುಮಾಡಿದಳು. ಎಂಟು ವರ್ಷದ ಹುಡುಗಿಯ ಕಥೆ ಹೇಳಿದಳು, ಬಸ್ಸಿನಲ್ಲಿ ಬೈಲೂರು ತನಕ ಸುಮ್ಮನಿದ್ದದ್ದು ಸಿಟ್ಟಿಗಲ್ಲ ಎಂದಳು.

ಭೋಜ ನೆಲ ನೋಡುತ್ತಾ ಕೇಳಿದ. ಅವನ ಕಣ್ಣಿನಿಂದ ನೀರು ಇಳಿದು ಮಡಿಲಿಗೆ ಬಿತ್ತು.

“ನೀವು ಕರೆಯಲಿಲ್ಲ. ನಿಮ್ಮ ಹೋರಾಟ, ನೀವೇ ನೋಡಿಕೊಳ್ತೀರಿ, ನಾನು ಕೈ ಹಾಕಿದರೆ ಮತ್ತೆ ತಪ್ಪಾಗ್ತದೆ ಅಂತ ನಿಂತೆ. ನೀವು ಬಿದ್ದಾಗ... ಆ ನಿಂತ ಕಾಲನ್ನು ಕಡಿದು ಹಾಕಬೇಕು ಅನ್ನಿಸಿತ್ತು.”

“ತಪ್ಪು ನನ್ನದು. ಕರೆಯುವ ತನಕ ಬರಬೇಡಿ ಅಂದವಳು ನಾನು. ಕರೆಯಲಿಕ್ಕೆ ಆಗುವುದಿಲ್ಲ ಅಂತ ಹೇಳಲಿಲ್ಲ.” ಅವಳು ಅವನ ಕಡೆ ತಿರುಗಿದಳು. “ಇನ್ನು ಮೇಲೆ ನನ್ನ ದನಿ ಬರದಿದ್ದರೆ ಕಾಯಬೇಡಿ. ಹತ್ತಿರ ಬಂದು ಎದುರು ನಿಲ್ಲಿ. ಹಿಂದೆ ಅಲ್ಲ, ಎದುರು. ನೀವು ಕಂಡರೆ ದನಿ ಬರ್ತದೆ.”

“ಇನ್ನು ಮೇಲೆ ಅಂದರೆ? ನಾಳೆ ನೀವು ಊರಿಗೆ ಹೋಗುವವರು ಅಂತ ಬಾಯಿ ಹೇಳಿದರು.”

“ಟ್ರಂಕು ಕಟ್ಟಿಟ್ಟಿದೆ. ಬಿಚ್ಚಲಿಕ್ಕೆ ಎಷ್ಟು ಹೊತ್ತು?”

ಭೋಜ ತಲೆಯೆತ್ತಿದ. ಅವನ ಮುಖ ನೋಡಿ ಅವಳಿಗೆ ನಗುವೂ ಬಂತು, ಅಳುವೂ ಬಂತು.

“ಅಂದು ಏನೋ ಕೇಳ್ಲಿಕ್ಕೆ ಉಂಟು ಅಂದಿದ್ದಿರಿ,” ಅಂದಳು ಮೆಲ್ಲಗೆ.

ಅವನು ಎದ್ದ. ಅವಳ ಎದುರು ಬಂದು ನಿಂತ, ಹಿಂದೆ ಅಲ್ಲ, ಎದುರು. “ನನಗೆ ಇರುವುದು ಒಂದೇ ಕೈ, ಶಶಿ. ಅದನ್ನು ಹಿಡಿದುಕೊಂಡು ನನ್ನ ಜೊತೆ ಇರ್ತೀರಾ?”

ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆ ಹೋಗಿರಲಿಲ್ಲ. ಆದರೆ ದನಿ ಇತ್ತು.

“ಹೂಂ.”

ಪರ್ಕಳದ ಕಡೆಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಸೀಟಿ ಬಾಯಿಗಿಟ್ಟು ಅವಸರ ಮಾಡಿದ. ಫುಟ್‌ಬೋರ್ಡಿನ ಮುಂದೆ ಶಶಿಕಲಾ ಊರುಗೋಲು ಊರಿ ನಿಂತಳು. ಭೋಜ ಕೈ ಚಾಚಿದವನು ಅರ್ಧದಲ್ಲೇ ನಿಲ್ಲಿಸಿದ.

“ಹಿಡಿಯಲಾ?” ಎಂದು ಕೇಳಿದ. ಮತ್ತೆ ನಾಚಿಕೊಂಡ. “ಇನ್ನೂ ಕೇಳಬೇಕಾ ನಾನು?”

“ಕೇಳಬೇಕು,” ಅಂದಳು ಅವಳು. “ಪ್ರತಿ ಸಲ ಕೇಳಿ. ಮುದುಕಿಯಾದ ಮೇಲೂ ಕೇಳಿ.”

“ನೀವು ಎಂತ ಹೇಳ್ತೀರಿ?”

“ಕೇಳಿ ನೋಡಿ.”

“ಹಿಡಿಯಲಾ, ಶಶಿ?”

ಅವಳು ತಾನೇ ಕೈ ನೀಡಿದಳು.